ಧೂಪದ ಲೇಖನವನ್ನು ಹಿಂದಿರುಗಿಸುತ್ತ

ಆತ್ಮೀಯರೇ,

‘ಎದೆ ಕಟ್ಟಿದರೆ ಮರದ ರಾಳವೇ ಮದ್ದು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಕಾರಣ ತಿಳಿಸದೆ ಹಿಂದಿರುಗಿಸಲು ಮನಸ್ಸು ಬರಲಿಲ್ಲ, ಏಕೆಂದರೆ ಕಾರ್ಕಳದ ಮನೆಯಲ್ಲಿ ನಿಮ್ಮ ಅಜ್ಜಿ ಗೆರಟೆಯ ಕೆಂಡಕ್ಕೆ ಧೂಪದ ಪುಡಿ ಉದುರಿಸುವ ಆ ಒಂದು ಪುಟ ನಿಜಕ್ಕೂ ಚೆನ್ನಾಗಿದೆ.

ಉಳಿದ ಪುಟಗಳಲ್ಲಿ ‘ವೈಜ್ಞಾನಿಕವಾಗಿ ಸಾಬೀತಾಗಿದೆ’ ಎಂಬ ಮಾತು ಏಳು ಕಡೆ ಬರುತ್ತದೆ. ಯಾರ ಮೇಲೆ, ಏನು ಕೊಟ್ಟು ನೋಡಿದರು ಎಂಬುದು ಒಂದು ಕಡೆಯೂ ಇಲ್ಲ. 1998ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. 40 ಮಂದಿ ಅಸ್ತಮಾ ರೋಗಿಗಳಿಗೆ ಶಲ್ಲಕಿ ಮರದ ರಾಳವನ್ನು 300 ಮಿಲಿಗ್ರಾಂನಂತೆ ದಿನಕ್ಕೆ ಮೂರು ಸಲ, ಆರು ವಾರ ಕೊಟ್ಟರು. ಶೇ. 70 ಮಂದಿಗೆ ಗುಣ ಕಂಡಿತು. ಹುಸಿಮದ್ದು ತೆಗೆದುಕೊಂಡವರಲ್ಲಿ ಶೇ. 27 ಮಂದಿಗೆ. ಸಣ್ಣ ಪ್ರಯೋಗ, ಆದರೂ ಗಮನಿಸತಕ್ಕದ್ದು. ಅವರು ನೋಡಿದ್ದು ಅಸ್ತಮಾವನ್ನು, ನೀವು ಬರೆದದ್ದು ಶೀತದ ಕಫದ ಬಗ್ಗೆ. ಅಲ್ಲಿ ಮದ್ದನ್ನು ನುಂಗಿಸಿದ್ದರು, ಹೊಗೆ ಹಾಕಿರಲಿಲ್ಲ. ಮರವಂತೂ ಒಣನಾಡಿನದು, ನಮ್ಮ ಕರಾವಳಿಯದಲ್ಲ.

ನಮ್ಮಲ್ಲಿ ಸಾಲುಧೂಪದ ರಾಳವೂ ಧೂಪವೇ, ಬೇರೆಯೇ ಮರವಾದ ಹಾಲುಮಡ್ಡಿಯ ರಾಳವೂ ಧೂಪವೇ. ಅಂಗಡಿಯ ಸಾಂಬ್ರಾಣಿ ಇವೆರಡೂ ಅಲ್ಲದ ಮತ್ತೊಂದು ಮರದ್ದು. ಒಂದರ ಗುಣವನ್ನು ಇನ್ನೊಂದಕ್ಕೆ ಹೊರಿಸುವುದು ಹೇಗೆ?

ರಾಳವನ್ನು ನೀರಿನಲ್ಲಿ ಕುದಿಸಿ ಕಷಾಯ ಮಾಡಿ ಎಂದಿದ್ದೀರಿ. ಸಾಲುಧೂಪದ ಒಂದು ಹರಳನ್ನು ಹಳೆಯ ಪಾತ್ರೆಯಲ್ಲಿ ಕುದಿಸಿ ನೋಡಿದೆ. ನೀರು ತಿಳಿಯಾಗಿಯೇ ಉಳಿಯಿತು. ಹರಳು ಮೆತ್ತಗಾಗಿ ತಳಕ್ಕೆ ಅಂಟಿಕೊಂಡಿತು, ತೆಂಗಿನೆಣ್ಣೆ ಹಚ್ಚಿ ಉಜ್ಜಿದ ಮೇಲೆ ಬಿಟ್ಟಿತು. ನೀರಿನಲ್ಲಿ ಕರಗುವುದು ಗೋಂದು. ರಾಳಕ್ಕೆ ಎಣ್ಣೆ ಅಥವಾ ಮದ್ಯಸಾರ ಬೇಕು. ಬರೆಯುವ ಮೊದಲು ನೀವೂ ಒಮ್ಮೆ ಒಲೆ ಹಚ್ಚಬೇಕಿತ್ತು.

ಕಫ ಕಟ್ಟಿದ ಶಿಶುವಿಗೆ ಬಾಗಿಲು ಮುಚ್ಚಿ ಹೊಗೆ ಹಾಕಿ ಎಂಬ ಸಾಲನ್ನಂತೂ ಯಾವ ಕಾರಣಕ್ಕೂ ಅಚ್ಚು ಮಾಡಲಾರೆ. ಪರಿಮಳವಿದ್ದರೂ ಹೊಗೆ ಹೊಗೆಯೇ. ಅದರ ಸೂಕ್ಷ್ಮ ಕಣಗಳು ಮೊದಲೇ ಊದಿಕೊಂಡ ಶ್ವಾಸನಾಳವನ್ನು ಇನ್ನಷ್ಟು ಕೆರಳಿಸುತ್ತವೆ. ಉಸಿರಿಗೆ ಪಕ್ಕೆ ಒಳಸೇರುತ್ತಿರುವ ಮಗುವನ್ನು ಆಸ್ಪತ್ರೆಗೆ ಒಯ್ಯಬೇಕಾದ ಹೊತ್ತಿನಲ್ಲಿ ಯಾರೋ ಒಬ್ಬ ತಾಯಿ ನಮ್ಮ ಪುಟ ನಂಬಿ ಕೆಂಡ ಹುಡುಕಿಯಾಳು.

ಅಜ್ಜಿಯ ಬಳಿ ಇನ್ನೊಮ್ಮೆ ಕುಳಿತುಕೊಳ್ಳಿ. ಅದು ಯಾವ ಮರ, ತೊಗಟೆಗೆ ಎಲ್ಲಿ ಕಚ್ಚು ಹಾಕುತ್ತಿದ್ದರು, ರಾಳ ಗಟ್ಟಿಯಾಗಲು ಎಷ್ಟು ದಿನ ಬಿಡುತ್ತಿದ್ದರು ಎಂದು ಕೇಳಿ ಬರೆಯಿರಿ. ಎಲೆಯ ಫೋಟೊ ಜೊತೆಗಿರಲಿ. ಆಟಿ ತಿಂಗಳ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.

ಸಂಪಾದಕ,
ಉಡುಪಿ