ಬೆಳಿಗ್ಗೆ ಓಡಲು ಶುರು ಮಾಡಿದ ಮೇಲೆ ಸಂಜೆ ವಿಪರೀತ ಹಸಿವು, ಹತ್ತಿಕ್ಕುವುದು ಹೇಗೆ?

ಗ್ರೀನ್ ಟೀ ಕುಡಿದರೆ ಹಸಿವು ಅಡಗುತ್ತದೆಯೇ, ಅದಕ್ಕೆ ಮಾತ್ರೆಗಳಿವೆಯಂತೆ, ತೆಗೆದುಕೊಳ್ಳಲೇ ಎಂದು ಕೇಳಿದ್ದೀರಿ. ಎರಡೂ ಬೇಡ. ಹತ್ತಿಕ್ಕುವ ಯೋಚನೆಯನ್ನೇ ಬಿಡಿ. ಓಡಲು ಶುರು ಮಾಡಿ ಎರಡು ವಾರವಾಗಿದೆ, ಸಂಜೆ ಏಳಕ್ಕೆ ಕಣ್ಣಿಗೆ ಬಿದ್ದದ್ದೆಲ್ಲ ತಿನ್ನಬೇಕೆನಿಸುತ್ತದೆ ಎಂಬ ನಿಮ್ಮ ಮಾತು ಓದಿದಾಗ ಮುಂಬಯಿ ಹತ್ತಿರದ ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲ ಬುಡದ ವಡಾಪಾವ್ ಗಾಡಿಯೇ ಕಣ್ಣೆದುರು ಬಂತು. ಆರು ವಾರ ಪ್ರತಿ ಸಂಜೆ ಅಲ್ಲಿ ನಿಂತವನು ನಾನು.

ನಮ್ಮದು ಮೂಲತಃ ಕುಂದಾಪುರದ ಕಡೆ. ಅಪ್ಪ ಮಾಟುಂಗಾದ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಮೂವತ್ತು ವರ್ಷ ಕುಳಿತವರು. ನಾನು ಹುಟ್ಟಿ ಬೆಳೆದದ್ದು ಮುಂಬಯಿಯಲ್ಲೇ. 2014ರಲ್ಲಿ ನನಗೆ 38 ವರ್ಷ, 78 ಕಿಲೋ ತೂಕ. ಕಚೇರಿಯಲ್ಲಿ ವರ್ಷಕ್ಕೊಮ್ಮೆ ಮಾಡಿಸುವ ರಕ್ತಪರೀಕ್ಷೆಯಲ್ಲಿ ಸಕ್ಕರೆ ಗಡಿಯ ಹತ್ತಿರ ಬಂದಿತ್ತು. ಹೆದರಿದೆ. ಮರುದಿನವೇ ಬೆಳಿಗ್ಗೆ ಐದೂಮುಕ್ಕಾಲಿಗೆ ಎದ್ದು ಮನೆಯ ಹತ್ತಿರದ ಮೈದಾನಕ್ಕೆ ಹೊರಟೆ. ನಲವತ್ತು ನಿಮಿಷ, ಸ್ವಲ್ಪ ಓಟ, ಹೆಚ್ಚು ಬಿರುಸು ನಡಿಗೆ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

ತಪ್ಪು ಮಾಡಿದ್ದು ಅದೇ ದಿನ ಮಧ್ಯಾಹ್ನ. ಡಬ್ಬಿಯಲ್ಲಿ ಎಂದಿನಂತೆ ಮೂರು ಚಪಾತಿ, ಪಲ್ಯ, ಅನ್ನ, ಸಾರು ಇದ್ದವು. ಒಂದು ಚಪಾತಿ, ಸ್ವಲ್ಪ ಪಲ್ಯ ತಿಂದು ಮುಚ್ಚಿಟ್ಟೆ. ಬೆಳಿಗ್ಗೆ ಬೆವರು ಸುರಿಸಿ ಗಳಿಸಿದ್ದನ್ನು ಮಧ್ಯಾಹ್ನ ತಿಂದು ಕಳೆಯಬಾರದು ಎಂಬುದು ನನ್ನ ಲೆಕ್ಕ. ಹಸಿವಾಗುತ್ತಿರಲಿಲ್ಲ ಎಂಬುದೇ ದೊಡ್ಡ ಮೋಸ. ಒಂದು ಗಂಟೆಗೆ ಅಷ್ಟು ತಿಂದೇ ಸಮಾಧಾನವಾಗುತ್ತಿತ್ತು. ಎರಡು ಗಂಟೆಗೆ ಮೈ ಹಗುರ, ಮೂರಕ್ಕೆ ಒಂದು ಚಹಾ, ಐದಕ್ಕೆ ಇನ್ನೊಂದು. ಇಷ್ಟು ಸುಲಭವೇ, ಇಷ್ಟು ವರ್ಷ ಯಾಕೆ ಮಾಡಲಿಲ್ಲ ಎಂದುಕೊಂಡೆ. ಆರೂವರೆಗೆ ಫೋರ್ಟ್‌ನಿಂದ ಹೊರಟು, ಸಿಎಸ್‌ಟಿ ಸ್ಟೇಷನ್ನಿನಲ್ಲಿ ಫಾಸ್ಟ್ ಲೋಕಲ್ ರೈಲು ಹಿಡಿದು, ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತು ಡೊಂಬಿವಲಿಯಲ್ಲಿ ಇಳಿಯುವ ಹೊತ್ತಿಗೆ ಎಂಟು. ಒಂದರಿಂದ ಎಂಟರವರೆಗೆ ಏಳು ಗಂಟೆ, ಒಂದು ಚಪಾತಿಯ ಮೇಲೆ.

ಎಂಟು ಗಂಟೆಗೆ ಆ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ನಾನು ನಾನಾಗಿರುತ್ತಿರಲಿಲ್ಲ. ಎರಡು ವಡಾಪಾವ್ ನಿಂತಲ್ಲೇ ಮುಗಿಯುತ್ತಿದ್ದವು. ಮನೆಗೆ ಹೋಗಿ ಮತ್ತೆ ಪೂರ್ತಿ ಊಟ. ಲೆಕ್ಕ ನೋಡಿ: ನನ್ನಷ್ಟು ತೂಕದವನು ನಲವತ್ತು ನಿಮಿಷ ಬಿರುಸಾಗಿ ನಡೆದರೆ ಖರ್ಚಾಗುವುದು 200 ಕ್ಯಾಲೊರಿಯ ಆಸುಪಾಸು. ಒಂದು ವಡಾಪಾವ್‌ನಲ್ಲಿ ಸುಮಾರು 300. ಮಧ್ಯಾಹ್ನ ಬಿಟ್ಟ ಎರಡು ಚಪಾತಿಗಳೂ ಬೆಳಗಿನ ನಡಿಗೆಯೂ ಸೇರಿ ಉಳಿಸಿದ್ದನ್ನು ಹತ್ತೇ ನಿಮಿಷದಲ್ಲಿ ಕಳೆಯುತ್ತಿದ್ದೆ. ಆಮೇಲೆ ಮನಸ್ಸಿಗೆ ಬಳಿಯುತ್ತಿದ್ದ ಕಹಿ ಬೇರೆ. ನಾಲಿಗೆಯ ಮೇಲೆ ಹಿಡಿತವಿಲ್ಲದವನು ಎಂದು ನನ್ನನ್ನೇ ಬೈದುಕೊಂಡು, ಮರುದಿನ ಮಧ್ಯಾಹ್ನ ಇನ್ನೂ ಅರ್ಧ ಚಪಾತಿ ಕಡಿಮೆ ಮಾಡುತ್ತಿದ್ದೆ. ಅಲ್ಲೇ ಇತ್ತು ಗಂಟು. ಸಂಜೆಯ ತಪ್ಪಿಗೆ ಮಧ್ಯಾಹ್ನಕ್ಕೆ ಶಿಕ್ಷೆ ಕೊಡುತ್ತಿದ್ದೆ. ಆ ಶಿಕ್ಷೆಯೇ ಮರುಸಂಜೆಯ ತಪ್ಪನ್ನು ಹುಟ್ಟಿಸುತ್ತಿತ್ತು.

ಮನೆಯಲ್ಲಿ ಇನ್ನೊಂದು ನೋವು. ದಿನವೂ ಡಬ್ಬಿ ಅರ್ಧ ತುಂಬಿಯೇ ಮರಳುತ್ತಿತ್ತು. ಮೂರನೆಯ ವಾರ ಹೆಂಡತಿ, "ನನ್ನ ಅಡುಗೆ ಬೇಸರ ಬಂದಿದ್ದರೆ ಹೇಳಿಬಿಡಿ" ಎಂದಳು. ಬೆಳಿಗ್ಗೆ ಐದಕ್ಕೆ ಎದ್ದು ಲಟ್ಟಿಸಿದ ಚಪಾತಿಗಳು ಅವು. ನಾನು ಸರಿಯಾಗಿ ಉತ್ತರ ಕೊಡಲಿಲ್ಲ.

ಆರನೆಯ ವಾರ ಒಂದು ಸಂಜೆ, ಲೋಕಲ್ ರೈಲು ಘಾಟ್ಕೋಪರ್ ದಾಟಿದ ಮೇಲೆ ಕಣ್ಣು ಕತ್ತಲಿಟ್ಟಿತು. ತಣ್ಣನೆಯ ಬೆವರು, ಕೈ ನಡುಕ. ಆ ನೂಕುನುಗ್ಗಲಿನಲ್ಲಿ ಬೀಳಲೂ ಜಾಗವಿರಲಿಲ್ಲ. ಹಿರಿಯರೊಬ್ಬರು "ಬಸಾ, ಬಸಾ" ಎನ್ನುತ್ತ ತಾವೆದ್ದು ನನ್ನನ್ನು ಕೂರಿಸಿದರು. ಯಾರೋ ಪಾರ್ಲೆ-ಜಿ ಪೊಟ್ಟಣ ಕೈಗಿಟ್ಟರು. ಅಂದು ನಾನು ಕಲಿಯಬೇಕಾಗಿದ್ದ ಪಾಠ ಒಂದು, ಕಲಿತದ್ದು ಬೇರೊಂದು. ವ್ಯಾಯಾಮ ನನ್ನ ಮೈಗೆ ಹಿಡಿಸುವುದಿಲ್ಲ ಎಂದು ತೀರ್ಮಾನಿಸಿ ಬೂಟುಗಳನ್ನು ಮೂಲೆಗೆ ಹಾಕಿದೆ. ಎರಡು ವರ್ಷ ಅವು ಅಲ್ಲೇ ಇದ್ದವು. ಆ ಎರಡು ವರ್ಷಗಳಲ್ಲಿ ತೂಕ 83ಕ್ಕೆ ಹೋಯಿತು, ಗಡಿಯಲ್ಲಿದ್ದ ಸಕ್ಕರೆ ಗಡಿ ದಾಟಿತು, ಮಾತ್ರೆ ಶುರುವಾಯಿತು. ಡಬ್ಬಿಯಲ್ಲಿ ಬಿಟ್ಟ ಆ ಎರಡು ಚಪಾತಿಗಳಿಗೆ ನಾನು ತೆತ್ತ ಬೆಲೆ ಇದು.

2016ರಲ್ಲಿ ನಮ್ಮ ಓಣಿಯ ವೈದ್ಯರು ಎಲ್ಲ ಕೇಳಿಸಿಕೊಂಡು, ಸಂಜೆಯ ವಡಾಪಾವ್ ಬಗ್ಗೆ ಒಂದು ಮಾತೂ ಆಡಲಿಲ್ಲ. "ಮಧ್ಯಾಹ್ನ ಏನು ತಿನ್ನುತ್ತಿದ್ದಿರಿ?" ಎಂದಷ್ಟೇ ಕೇಳಿದರು. ಜಠರದಲ್ಲಿ ಗ್ರೆಲಿನ್ ಎಂಬ ಹಾರ್ಮೋನು ಸ್ರವಿಸುತ್ತದೆ, ಹೊಟ್ಟೆ ಬರಿದಾದಂತೆ ಅದು ಏರುತ್ತದೆ, ನಾವು ದಿನವೂ ಉಣ್ಣುವ ಹೊತ್ತನ್ನೂ ಅದು ರೂಢಿ ಮಾಡಿಕೊಳ್ಳುತ್ತದೆ, ನಿದ್ದೆ ಕಡಿಮೆಯಾದರೂ ಏರುತ್ತದೆ ಎಂದು ಅವರೇ ವಿವರಿಸಿದರು. ನಾನು ದಿನವೂ ಎಂಟಕ್ಕೆ ಮುಗಿಬಿದ್ದು ತಿಂದು, ಎಂಟಕ್ಕೇ ಹಸಿಯುವಂತೆ ಮೈಯನ್ನು ಪಳಗಿಸಿದ್ದೆ. ಅದಕ್ಕೆ ಚಪಲ ಎಂಬ ಹೆಸರಿಟ್ಟದ್ದು ಅನ್ಯಾಯ.

ಪ್ರೋಟೀನ್ ವಿಷಯವೂ ಅಂದೇ ತಿಳಿದದ್ದು, ಲೆಕ್ಕ ಮಾತ್ರ ಆಮೇಲಿನದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ದೊಡ್ಡವರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಬೇಕು. 78 ಕಿಲೋ ಇದ್ದಾಗಿನ ನನಗಾದರೆ 65 ಗ್ರಾಂ. ನನ್ನ ಮಧ್ಯಾಹ್ನದ ಒಂದು ಚಪಾತಿ, ಸ್ವಲ್ಪ ಪಲ್ಯದಲ್ಲಿ ಐದಾರು ಗ್ರಾಂ ಇದ್ದರೆ ಹೆಚ್ಚು.

ಈಗ ಡಬ್ಬಿ ಖಾಲಿಯಾಗಿಯೇ ಮರಳುತ್ತದೆ. ಇಲ್ಲಿನ ಮಾರುಕಟ್ಟೆಯಲ್ಲಿ ಮೊಳಕೆ ಬಂದ ಮಡಕಿ ಕಾಳು ಸಿದ್ಧವಾಗಿಯೇ ಸಿಗುತ್ತದೆ. ಅದರ ಉಸಳಿ ವಾರಕ್ಕೆ ಮೂರು ದಿನ, ಉಳಿದ ದಿನ ಹೆಸರುಕಾಳು ಅಥವಾ ಮೊಟ್ಟೆ. ಐದೂವರೆಗೆ, ಹಸಿವು ಬರುವ ಮೊದಲೇ, ಒಂದು ಹಿಡಿ ಹುರಿದ ಕಡಲೆ, ಒಂದು ಬಾಳೆಹಣ್ಣು. ಇದೊಂದರಿಂದಲೇ ಎಂಟು ಗಂಟೆಗೆ ವಡಾಪಾವ್ ಗಾಡಿಯ ಮುಂದೆ ಸುಮ್ಮನೆ ನಡೆದುಹೋಗುವಂತಾದೆ. ವಡಾಪಾವ್ ಬಿಟ್ಟಿಲ್ಲ. ಶನಿವಾರ ಹೆಂಡತಿಯೊಡನೆ ಹೋಗಿ, ಕುಳಿತು, ಒಂದು ತಿನ್ನುತ್ತೇನೆ.

ನಿಮಗೆ ನಾನು ಹೇಳುವುದಿಷ್ಟು: ಮೊದಲ ಒಂದು ತಿಂಗಳು ಊಟಕ್ಕೆ ಕತ್ತರಿ ಹಾಕಲೇಬೇಡಿ. ಓಟ ರೂಢಿಯಾಗಲಿ, ತೂಕದ ಮಾತು ಆಮೇಲೆ. ಎರಡನ್ನೂ ಒಂದೇ ದಿನ ಶುರು ಮಾಡಿ ಎರಡನ್ನೂ ಕೆಡಿಸಿಕೊಂಡವನ ಮಾತಿದು. ಹಸಿವು ಕೊಲ್ಲುವ ಮಾತ್ರೆಯನ್ನು ವೈದ್ಯರು ಬರೆದುಕೊಡದೆ ಮುಟ್ಟಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರಾಗಿದ್ದು, ನಡುಕ, ತಣ್ಣನೆಯ ಬೆವರು ಬಂದರೆ ಅದು ಬರೀ ಹಸಿವಲ್ಲ. ತಕ್ಷಣ ಏನಾದರೂ ಸಿಹಿ ತಿಂದು ವೈದ್ಯರನ್ನು ಕಾಣಿ.

ಬೆಳಗಿನ ಓಟ, ಸಂಜೆಯ ಸಮೋಸಾ, ರಾತ್ರಿಯ ಐಸ್‌ಕ್ರೀಂ ಎಲ್ಲವನ್ನೂ ವಿವರವಾಗಿ ಬರೆದಿದ್ದೀರಿ. ಮಧ್ಯಾಹ್ನ ಏನು ತಿನ್ನುತ್ತೀರಿ ಎಂದು ಮಾತ್ರ ಬರೆದಿಲ್ಲ. ಅದನ್ನು ಬರೆಯಿರಿ.