ಹಳೇ ಟ್ರ್ಯಾಕ್ಟರಿನಲ್ಲಿ ಹೊಸ ಬ್ಯಾಟರಿಯೂ ಡೌನ್ ಆಗುತ್ತಿದೆಯೇ?

ಸಡಿಲವಾದ ಬೆಲ್ಟ್, ಇಲ್ಲವೇ ಕೆಟ್ಟ ಅರ್ತ್ (ಬ್ಯಾಟರಿಯಿಂದ ಚಾಸಿಸ್‌ಗೆ ಹೋಗುವ ವೈರಿನ ಜೋಡಣೆ). ಹೊಸ ಬ್ಯಾಟರಿಯೂ ಎರಡೇ ದಿನಕ್ಕೆ ಡೌನ್ ಆಗುತ್ತಿದ್ದರೆ, ಜಾಸ್ತಿ ಸಲ ಕಾರಣ ಇದೇ.

ಇಂಜಿನ್ ನಿಲ್ಲಿಸಿ, ಫ್ಯಾನ್ ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿ. ಅರ್ಧ ಇಂಚಿಗಿಂತ ಜಾಸ್ತಿ ಬಗ್ಗಿದರೆ ಬಿಗಿ ಮಾಡಿ. ಆಮೇಲೆ ಅರ್ತ್ ವೈರ್ ಚಾಸಿಸ್‌ಗೆ ಸೇರುವ ಬೋಲ್ಟ್ ಬಿಚ್ಚಿ. ಅಡಿಯಲ್ಲಿ ಪೇಂಟು, ತುಕ್ಕು ಕೂತಿರುತ್ತದೆ. ಲೋಹ ಹೊಳೆಯುವವರೆಗೆ ಎಮೆರಿ ಪೇಪರಿನಲ್ಲಿ ಉಜ್ಜಿ. ನನ್ನದರಲ್ಲಿ ತಪ್ಪು ಅಲ್ಲೇ ಇತ್ತು, ಸುಮ್ನೆ ರೆಗ್ಯುಲೇಟರ್ (ಚಾರ್ಜಿಂಗ್ ವೋಲ್ಟೇಜ್ ಹಿಡಿತದಲ್ಲಿಡುವ ಭಾಗ) ಬದಲಿಸಿದ್ದೆ!

ಈಗ ಬ್ಯಾಟರಿಗೆ ಮೀಟರ್ ಹಿಡಿಯಿರಿ. ಇಂಜಿನ್ ನಿಂತಾಗ 12.6 ವೋಲ್ಟ್ ಹತ್ತಿರ, ರೇಸ್ ಕೊಟ್ಟಾಗ 13.8ರಿಂದ 14.4 ಬರಬೇಕು. ಏರದೇ ಇದ್ದರೆ ಆಲ್ಟರ್ನೇಟರ್ (ಬೆಲ್ಟಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಭಾಗ) ಬ್ರಷ್ ಸವೆದಿರಬಹುದು, ರೆಗ್ಯುಲೇಟರೂ ಹೋಗಿರಬಹುದು. ಯಾವುದು ಅಂತ ಬಿಚ್ಚದೆ ಹೇಳೋಕಾಗಲ್ಲ. ಒಂದು ಮಾತು: ಇಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು ಪರೀಕ್ಷೆ ಮಾಡಬೇಡಿ, ಆಲ್ಟರ್ನೇಟರ್ ಒಳಗಿನ ಡಯೋಡ್ ಸುಟ್ಟುಹೋಗಬಹುದು.