ಪಗಾರ ಹೆಚ್ಚಾದದ್ದು ಯಾವ ಕಾಲಂನಲ್ಲಿ?

ಯೂನಿಯನ್, ಬೋನಸ್, ಪಿಎಫ್ ಬಗ್ಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ, ಹೇಳಿದಷ್ಟು ಹೆಚ್ಚಳ ಕೈಗೆ ಯಾಕೆ ಬರಲಿಲ್ಲ ಎಂದು, ಅದೂ ಒಪ್ಪಂದದ ಪ್ರತಿ ಓದದೆ ಗೇಟಿನ ಮುಂದಿನ ಮಾತು ಕೇಳಿ ಬರೆದದ್ದು. ಹಾಗಾಗಿ ಈ ಸಲ ಅದಕ್ಕೇ ಹೆಚ್ಚು ಜಾಗ. ಪಿಎಫ್ ಎಂದರೇನು ಎಂಬಲ್ಲಿಂದ ಶುರು ಮಾಡುವುದಿಲ್ಲ.

ಪ್ರಶ್ನೆ: ಮೂರು ವರ್ಷದ ಒಪ್ಪಂದದಾಗ ₹5,176 ಹೆಚ್ಚಳ, ಮೊದಲನೇ ವರ್ಷ ಅದರ ಅರ್ಧ ಅಂತ ಹೇಳಿ ಯೂನಿಯನ್ನವರು ಪಟಾಕಿ ಹೊಡೆದರು. ಕೈಗೆ ಬಂದಿದ್ದು ₹1,695. ಉಳಿದದ್ದು ಯಾರ ಕಿಸೆಗೆ ಹೋತ್ರೀ? ತಿಂಗಳಾ ₹50 ಚಂದಾ ಬ್ಯಾರೆ. ಯೂನಿಯನ್ ಬಿಡ್ಲೇನು? ಒಪ್ಪಂದದ ಪ್ರತಿ ಜೊತೆಗಿಟ್ಟೇನಿ.
— ತಾರಿಹಾಳ ಕೈಗಾರಿಕಾ ಪ್ರದೇಶದ ಓದುಗರು

ಪ್ರತಿ ಕಳಿಸಿದ್ದಕ್ಕೆ ಉಪಕಾರವಾಯಿತು. ಅದನ್ನು ನೀವೂ ಒಮ್ಮೆ ಓದಬಹುದಿತ್ತು. ಅನುಬಂಧದಲ್ಲಿ ಸ್ಪಷ್ಟವಾಗಿ ‘ಸಿಟಿಸಿ’ ಎಂದಿದೆ, ಅಂದರೆ ನಿಮ್ಮ ಮೇಲೆ ಕಂಪನಿಗೆ ತಗಲುವ ಒಟ್ಟು ಖರ್ಚು. ಮೊದಲ ವರ್ಷದ ₹2,588ರಲ್ಲಿ ಬೇಸಿಕ್ (ಮೂಲ ವೇತನ) ಮತ್ತು ಡಿಎಗೆ (ತುಟ್ಟಿಭತ್ಯೆ) ಬಿದ್ದದ್ದು ₹2,000. ಅದರ ಮೇಲೆ ಮಾಲೀಕರ ಪಾಲಿನ ಪಿಎಫ್, ವಿಮೆ, ಆಡಳಿತ ಶುಲ್ಕ ಸೇರಿ 13%, ಅಂದರೆ ₹260. ಇಎಸ್‌ಐ (ನೌಕರರ ರಾಜ್ಯ ವಿಮೆ) 3.25%, ₹65. ಕೆಲಸ ಬಿಡುವಾಗ ಸಿಗುವ ಇಡಿಗಂಟು, ಅಂದರೆ ಗ್ರ್ಯಾಚುಯಿಟಿಗೆ 4.81%, ₹96. ಬೋನಸ್ 8.33%, ₹167. ಇನ್ನು ಆ ₹2,000ರಲ್ಲಿ ನಿಮ್ಮ ಪಾಲಿನ ಪಿಎಫ್ ₹240, ಇಎಸ್‌ಐ ₹15, ಚಂದಾ ₹50 ಕಡಿದರೆ ಉಳಿಯುವುದು ₹1,695. ಯಾರ ಕಿಸೆಗೂ ಹೋಗಿಲ್ಲ.

ಆದರೆ ಆ ₹167ರ ಮೇಲೆ ನನ್ನ ತಕರಾರಿದೆ. ಕಾನೂನಿನ ಪ್ರಕಾರ ಬೋನಸ್ ಲೆಕ್ಕ ಹಾಕುವುದು ₹7,000 ಅಥವಾ ಕನಿಷ್ಠ ವೇತನ, ಇವೆರಡರಲ್ಲಿ ಹೆಚ್ಚಿನದರ ಮೇಲೆ. ನಿಮ್ಮ ಬೇಸಿಕ್ ಆಗಲೇ ಅದರ ಮೇಲಿದ್ದರೆ ಬೇಸಿಕ್ ಏರಿದ ಮಾತ್ರಕ್ಕೆ ಬೋನಸ್ ಒಂದು ಪೈಸೆಯೂ ಏರುವುದಿಲ್ಲ. ‘ಪೂರ್ತಿ ಬೇಸಿಕ್ ಮೇಲೆ ಬೋನಸ್’ ಎಂಬ ಕಲಮು ನಿಮ್ಮ ಒಪ್ಪಂದದಲ್ಲಿ ನನಗೆ ಕಾಣಲಿಲ್ಲ. ಹಾಗಿದ್ದರೆ ಕೊಡದ ದುಡ್ಡನ್ನು ಹೆಚ್ಚಳ ಎಂದು ತೋರಿಸಿದ್ದಾರೆ. ಜನರಲ್ ಬಾಡಿಯಲ್ಲಿ ಎದ್ದು ಕೇಳಬೇಕಾದ ಪ್ರಶ್ನೆ ಇದು, ಪಟಾಕಿಯದಲ್ಲ.

ಈಗ ಯೂನಿಯನ್ ಗಳಿಸಿಕೊಟ್ಟದ್ದನ್ನು ನೋಡಿ. ಮೂರು ವರ್ಷಕ್ಕೆ ನಿಮ್ಮ ಬೇಸಿಕ್ ಮತ್ತು ಡಿಎ ₹16,500ರಿಂದ ₹20,500ಕ್ಕೆ ಏರುತ್ತದೆ. ಗ್ರ್ಯಾಚುಯಿಟಿ ಲೆಕ್ಕ ಕೊನೆಯ ಪಗಾರದ ಮೇಲೆ: ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸರ್ವಿಸ್ ವರ್ಷಗಳಿಂದ ಗುಣಿಸಬೇಕು. ₹4,000 ಏರಿದರೆ ವರ್ಷಕ್ಕೆ ₹2,308ರಂತೆ, 20 ವರ್ಷ ದುಡಿದವರಿಗೆ ₹46,000 ಮಿಕ್ಕಿ ಹೆಚ್ಚಾಯಿತು. ಹಳೆಯ ವರ್ಷಗಳಿಗೂ ಹೊಸ ದರವೇ. ಇದೇ ₹4,000ವನ್ನು ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ ಎಂದು ಚೂರು ಮಾಡಿ ಕೊಟ್ಟಿದ್ದರೆ ಕೈಗೆ ಈಗ ಹೆಚ್ಚು ಬರುತ್ತಿತ್ತು, ಗ್ರ್ಯಾಚುಯಿಟಿಗೆ ಸೊನ್ನೆ. 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಯಲ್ಲಿ, ಹೊರಗಿಡುವ ಭತ್ಯೆಗಳು ಒಟ್ಟು ಪಗಾರದ ಅರ್ಧ ದಾಟಿದರೆ ದಾಟಿದಷ್ಟನ್ನು ವೇತನಕ್ಕೆ ಸೇರಿಸಬೇಕು ಎಂದಿದೆ. ಅರ್ಧದ ಒಳಗೆ ಈ ಆಟ ಇನ್ನೂ ನಡೆಯುತ್ತದೆ.

ನಿಮ್ಮವರು ಮರೆತದ್ದು ಎರಡು. ಪಿಎಫ್ ಕಡ್ಡಾಯ ಇರುವುದು ₹15,000ದ ಪಗಾರದವರೆಗೆ ಮಾತ್ರ. ನಿಮ್ಮಲ್ಲಿ ಪೂರ್ತಿ ಬೇಸಿಕ್ ಮೇಲೆ ಕಟ್ಟುತ್ತಿದ್ದಾರೆ, ಆದರೆ ಅದು ರೂಢಿ, ಬರಹದಲ್ಲಿಲ್ಲ. ಎರಡನೆಯದು ಇನ್ನೂ ಹತ್ತಿರದ ಗಂಡಾಂತರ: ₹20,500 ಮುಟ್ಟಿದ ಮೇಲೆ ₹500 ಡಿಎ ಏರಿದರೆ ಸಾಕು, ₹21,000ದ ಗಡಿ. ಅದನ್ನು ದಾಟಿದರೆ ಇಎಸ್‌ಐಯೂ ಹೋಗುತ್ತದೆ, ಕಾನೂನಿನ ಬೋನಸ್ಸೂ ಹೋಗುತ್ತದೆ. ಇಎಸ್‌ಐ ತಕ್ಷಣ ನಿಲ್ಲುವುದಿಲ್ಲ, ವಂತಿಗೆ ಆ ಆರು ತಿಂಗಳ ಅವಧಿ ಮುಗಿಯುವವರೆಗೆ ಕಡಿತವಾಗುತ್ತದೆ, ಅದಕ್ಕೆ ತಕ್ಕ ಸೌಲಭ್ಯದ ಅವಧಿ ಮುಗಿಯುವವರೆಗೆ ಚಿಕಿತ್ಸೆ ಸಿಗುತ್ತದೆ. ಆಮೇಲೆ ಮನೆಮಂದಿಯ ಆಸ್ಪತ್ರೆ ಖರ್ಚು ನಿಮ್ಮ ತಲೆ ಮೇಲೆ. ಗಡಿ ದಾಟಿದವರಿಗೆ ಕಂಪನಿ ಖರ್ಚಿನಲ್ಲಿ ಗುಂಪು ಆರೋಗ್ಯ ವಿಮೆ, ಬೋನಸ್ ಬದಲು ಅಷ್ಟೇ ಮೊತ್ತದ ಎಕ್ಸ್‌ಗ್ರೇಷಿಯಾ, ಈ ಎರಡು ಕಲಮುಗಳನ್ನು ಪೂರಕ ಒಪ್ಪಂದ ಮಾಡಿಸಿ ಈಗಲೇ ಸೇರಿಸಿಕೊಳ್ಳಿ. ಗಡಿ ದಾಟಿದ ಮೇಲೆ ಕೇಳಿದರೆ ಅದು ಹೊಸ ಬೇಡಿಕೆಯಾಗುತ್ತದೆ.

ಯೂನಿಯನ್ನಿನಿಂದ ನಷ್ಟವೇ ಇಲ್ಲ ಎನ್ನುವವರನ್ನೂ ನಂಬಬೇಡಿ. ಎಲ್ಲರಿಗೂ ಒಂದೇ ಮೊತ್ತ ಹಂಚಿದರೆ ಸಿಎನ್‌ಸಿ (ಕಂಪ್ಯೂಟರ್ ಚಾಲಿತ) ಮಷೀನ್ ನಡೆಸುವವನಿಗೂ ಹೆಲ್ಪರ್‌ಗೂ ಇರುವ ಅಂತರ ಕರಗುತ್ತ ಹೋಗಿ ಕೈಚಳಕದವರು ಬೇರೆ ಕಡೆ ನೋಡುತ್ತಾರೆ. ಕಾಯಂ ಕಾರ್ಮಿಕರ ಪಗಾರ ಏರಿದಷ್ಟೂ ಹೊಸ ನೇಮಕ ಗುತ್ತಿಗೆಯಲ್ಲೇ ನಡೆಯುತ್ತದೆ. ನಿಮ್ಮ ಒಪ್ಪಂದದಲ್ಲಿ ಗುತ್ತಿಗೆಯವರ ಹೆಸರೇ ಇಲ್ಲ, ನಾಳೆ ಅವರೇ ನಿಮ್ಮ ಚೌಕಾಸಿಯ ಬಲ ತಗ್ಗಿಸುತ್ತಾರೆ. ಏಳನೇ ಪುಟದ ‘ಉತ್ಪಾದನೆ 12% ಏರಿಕೆ’ ಕಲಮು ಯಾವ ಮಷೀನಿಗೆ, ಯಾವ ಸೈಕಲ್ ಟೈಮಿಗೆ (ಒಂದು ಬಿಡಿಭಾಗಕ್ಕೆ ಹಿಡಿಯುವ ಸಮಯ) ಎಂದು ಹೇಳುವುದೇ ಇಲ್ಲ. ಮುಂದೆ ಜಗಳ ಹುಟ್ಟುವುದು ಅಲ್ಲೇ. ಇನ್ನು ಮುಷ್ಕರ. ಕೆಲಸ ಮಾಡದ ದಿನಕ್ಕೆ ಪಗಾರವಿಲ್ಲ. 14 ದಿನ ಮೊದಲು ನೋಟಿಸ್ ಕೊಡದೆ ಕೂಡಬಾರದು. ಸಕಾರಣವಿಲ್ಲದೆ, ನೋಟಿಸಿಲ್ಲದೆ ಹತ್ತು ಅಥವಾ ಹೆಚ್ಚು ಮಂದಿ ಒಟ್ಟಾಗಿ ಗೈರಾದರೆ ಎಂಟು ದಿನದವರೆಗಿನ ಪಗಾರ ಮೇಲಿಂದ ಕಡಿಯಲು ಅವಕಾಶವಿದೆ. ಅರ್ಧ ಮಂದಿ ಒಟ್ಟಿಗೆ ಸಿಎಲ್ (ಸಾಂದರ್ಭಿಕ ರಜೆ) ಹಾಕಿದರೂ ಈಗ ಅದು ಮುಷ್ಕರವೇ. ‘ಏನೂ ಆಗೂದಿಲ್ಲ, ನಾ ಅದೀನಿ’ ಎಂದು ಟೇಬಲ್ ಗುದ್ದುವ ಮುಖಂಡ ನಿಮ್ಮ ಎಂಟು ದಿನದ ಪಗಾರ ತುಂಬಿಕೊಡುವುದಿಲ್ಲ.

ಬಿಡಬೇಕೇ? ಕಾರ್ಮಿಕ ಅಧಿಕಾರಿಯ ಮುಂದೆ ಸಂಧಾನದಲ್ಲಿ ಆದ ಒಪ್ಪಂದ ಎಲ್ಲರಿಗೂ ಅನ್ವಯಿಸುತ್ತದೆ, ಚಂದಾ ಕೊಡದವರಿಗೂ. ಆಡಳಿತ ಮತ್ತು ಯೂನಿಯನ್ ಇಬ್ಬರೇ ಕೂತು ಸಹಿ ಮಾಡಿದ್ದು ಆ ಇಬ್ಬರಿಗೆ ಮಾತ್ರ. ನಿಮ್ಮದು ಮೊದಲನೇ ಬಗೆ, ಕೊನೆಯ ಪುಟದಲ್ಲಿ ಅಧಿಕಾರಿಯ ಸಹಿ, ಮೊಹರಿದೆ. ಹಾಗಾಗಿ ಬಿಟ್ಟರೆ ₹50 ಉಳಿಯುತ್ತದೆ, ಹೆಚ್ಚಳ ಹೋಗುವುದಿಲ್ಲ. ಆದರೆ ಒಂದಕ್ಕಿಂತ ಹೆಚ್ಚು ಯೂನಿಯನ್ ಇರುವಲ್ಲಿ ಒಬ್ಬರೇ ಮಾತುಕತೆಗೆ ಕೂಡಬೇಕಾದರೆ ಹಾಜರಿ ಪುಸ್ತಕದಲ್ಲಿರುವವರ ಪೈಕಿ 51% ಬೆಂಬಲ ಬೇಕು. ನಿಮ್ಮಂಥವರು ಒಬ್ಬೊಬ್ಬರೇ ಬಿಟ್ಟರೆ ಮುಂದಿನ ಒಪ್ಪಂದದಲ್ಲಿ ಆ ₹167 ಯಾರು ಕೇಳುತ್ತಾರೆ? ನನ್ನ ಸಲಹೆ: ಒಳಗಿದ್ದು ಲೆಕ್ಕ ಕೇಳಿ.

ಪ್ರಶ್ನೆ: ಏಳು ಮಂದಿ ಸೇರಿದರೆ ಯೂನಿಯನ್ ನೋಂದಣಿ ಆಗುತ್ತದಂತೆ? — ಬೇಲೂರು ಕೈಗಾರಿಕಾ ಪ್ರದೇಶ, ಧಾರವಾಡ

ಅರ್ಜಿಗೆ ಏಳು ಸಹಿ ಸಾಕು. ಸದಸ್ಯರು ಮಾತ್ರ ಕಾರ್ಮಿಕರ 10% ಅಥವಾ 100, ಯಾವುದು ಕಡಿಮೆಯೋ ಅಷ್ಟಿರಬೇಕು. ಏಳಕ್ಕಿಂತ ಕಡಿಮೆ ಇರಬಾರದು.

ಪ್ರಶ್ನೆ: ಯೂನಿಯನ್ ಸೇರಿದರೆ ಗ್ರ್ಯಾಚುಯಿಟಿ ಸಿಗೂದಿಲ್ಲ ಅಂತ ಸೂಪರ್‌ವೈಸರ್ ಹೇಳ್ತಾರ. — ಗದಗ

ಶುದ್ಧ ಸುಳ್ಳು.

ಪ್ರಶ್ನೆ: ದೀಪಾವಳಿಗೇ ಬೋನಸ್ ಕೊಡಬೇಕೆಂದು ಕಾನೂನಿದೆಯೇ? — ಗೋಕುಲ ರಸ್ತೆ, ಹುಬ್ಬಳ್ಳಿ

ಇಲ್ಲ. ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ. ಮಾರ್ಚ್‌ಗೆ ಮುಗಿಸುವವರಿಗೆ ನವೆಂಬರ್ 30 ಕೊನೆಯ ದಿನ.

ಪ್ರಶ್ನೆ: ನಾವು ಬ್ಯಾಡಗಿ ಮಾರುಕಟ್ಟೆ ಹಮಾಲರು. ಒಬ್ಬ ಮಾಲೀಕ ಅಂತ ಇಲ್ಲ. ನಮಗ್ಯಾಕ ಯೂನಿಯನ್?

ಮಾಲೀಕ ಇಲ್ಲದಿರುವುದಕ್ಕೇ ಬೇಕು. ಚೀಲಕ್ಕೆ ಇಷ್ಟು ಎಂಬ ಹಮಾಲಿ ದರವನ್ನು ಒಬ್ಬೊಬ್ಬರೇ ಕೇಳಿದರೆ ಯಾರೂ ಏರಿಸುವುದಿಲ್ಲ. ಏರಿಸುವಾಗ ಚೀಲದ ತೂಕವನ್ನೂ ಬರಹದಲ್ಲಿ ಹಾಕಿಸಿ, ಇಲ್ಲದಿದ್ದರೆ ದರ ಏರಿದಂತೆ ಚೀಲವೂ ದಪ್ಪವಾಗುತ್ತದೆ. ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯ ಪಟ್ಟಿಯಲ್ಲಿ ಹಮಾಲರಿದ್ದಾರೆ. ಕಾರ್ಮಿಕ ಇಲಾಖೆಯಲ್ಲಿ ಹೆಸರು ಬರೆಸಿ.

ಪ್ರಶ್ನೆ: ಪಿಎಫ್ ಬಿಡಿಸಿಕೊಡಲು ಏಜೆಂಟರು 10% ಕೇಳುತ್ತಾರೆ, ಕೊಡಲೇ? — ರಾಣೆಬೆನ್ನೂರು

ಬೇಡ. ನಿಮ್ಮ ಪಿಎಫ್ ಸಂಖ್ಯೆಯಾದ ಯುಎಎನ್‌ಗೆ ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಜೋಡಣೆಯಾಗಿದ್ದರೆ ಅರ್ಜಿ ಮೊಬೈಲ್‌ನಲ್ಲೇ ಹಾಕಬಹುದು, ಶುಲ್ಕವಿಲ್ಲ. ಹೆಸರು, ಹುಟ್ಟಿದ ದಿನ ತಾಳೆಯಾಗದಿದ್ದರೆ ಮೊದಲು ತಿದ್ದುಪಡಿ ಮಾಡಿಸಬೇಕು. ಏಜೆಂಟ್ ಮಾಡುವುದೂ ಅದನ್ನೇ. ಅವರಿಗೆ ಒಟಿಪಿ ಈಗಾಗಲೇ ಹೇಳಿದ್ದರೆ ಇವತ್ತೇ ಪಾಸ್‌ವರ್ಡ್ ಬದಲಿಸಿ, ಜೋಡಿಸಿರುವ ಬ್ಯಾಂಕ್ ಖಾತೆ ನಿಮ್ಮದೇ ಹೌದೋ ನೋಡಿಕೊಳ್ಳಿ.